ಸ್ವಿಚ್ ಆಫ್ ಮಾಡಿದ್ದರೂ ಸಾಯುವುದು ಯಾಕೆ?

ಜಿಲ್ಲಾ ಪುಟದ ಮೂಲೆಯಲ್ಲಿ ಬರುವ ಆ ಸುದ್ದಿ ನಿಮಗೂ ಗೊತ್ತಿರುತ್ತದೆ. ಮನೆಯಲ್ಲಿ ಬಲ್ಬ್ ಬದಲಾಯಿಸುವಾಗ ವಿದ್ಯುತ್ ಪ್ರವಹಿಸಿ ವ್ಯಕ್ತಿಯೊಬ್ಬರು ಮೃತಪಟ್ಟಿದ್ದಾರೆ. ಮೃತರಿಗೆ ಪತ್ನಿ, ಇಬ್ಬರು ಮಕ್ಕಳಿದ್ದಾರೆ. ಸ್ಥಳಕ್ಕೆ ಪೊಲೀಸರು ಭೇಟಿ ನೀಡಿ ಪರಿಶೀಲಿಸಿದರು. ಠಾಣೆಯಲ್ಲಿ ಪ್ರಕರಣ ದಾಖಲಾಗಿದೆ. ಊರು, ಹೆಸರು, ವಯಸ್ಸು ಬದಲಾಗುತ್ತವೆ, ವಾಕ್ಯಗಳು ಮಾತ್ರ ಹಾಗೇ ಇರುತ್ತವೆ. ಮಳೆಗಾಲದಲ್ಲಿ ಸ್ವಲ್ಪ ಹೆಚ್ಚು, ಹಬ್ಬದ ಮುಂಚೆ ಮನೆಗೆ ಸುಣ್ಣಬಣ್ಣ ಹೊಡೆಯುವ ದಿನಗಳಲ್ಲಿ ಇನ್ನೂ ಸ್ವಲ್ಪ ಹೆಚ್ಚು.

ಪತ್ರಿಕೆಯವರು ‘ಆಕಸ್ಮಿಕ’ ಎಂದು ಬರೆದು ಮುಗಿಸುತ್ತಾರೆ. ಪೊಲೀಸರು ಯುಡಿಆರ್ ಮಾಡಿ ಮುಗಿಸುತ್ತಾರೆ. ಊರಿನ ಜಗಲಿಯ ಮೇಲೆ ಮಾತ್ರ ಒಂದು ತೀರ್ಪು ಬರುತ್ತದೆ: ‘ಸ್ವಿಚ್ ಆಫ್ ಮಾಡ್ದೆ ಕೈ ಹಾಕವ್ನೆ, ಇನ್ನೇನಾಗ್ತದೆ?’ ಅಲ್ಲಿಗೆ ಸತ್ತವನೇ ತಪ್ಪಿತಸ್ಥ. ಅವನು ಎದ್ದು ಬಂದು ಉತ್ತರ ಕೊಡುವುದಿಲ್ಲವಾದ್ದರಿಂದ ಈ ತೀರ್ಪಿಗೆ ಮೇಲ್ಮನವಿಯೂ ಇಲ್ಲ.

ಸತ್ತವನ ಪರವಾಗಿ ಈ ಬರಹ. ಅವನು ಸ್ವಿಚ್ ಆಫ್ ಮಾಡಿಯೇ ಕೈ ಹಾಕಿರಬಹುದು. ಮೈನ್ ಕೂಡ ಆಫ್ ಮಾಡಿರಬಹುದು. ಆದರೂ ಸಾಯುವಂತೆ ಅವನ ಮನೆಯ ವೈರಿಂಗ್ ಇರಬಹುದು. ಅಂಥ ಮನೆಗಳು ನಮ್ಮ ಹಳ್ಳಿಗಳಲ್ಲಿ ಅಪರೂಪವಲ್ಲ. ಆ ಮನೆಗೆ ಕರೆಂಟ್ ಕೊಟ್ಟವರು, ವೈರಿಂಗ್ ಸರಿಯಿದೆ ಎಂದು ಸಹಿ ಹಾಕಿದವರು, ‘ನಿಮ್ಮಂಥವರಿಗೆ ರಕ್ಷಣೆಯ ಸಾಧನ ಕಡ್ಡಾಯವಲ್ಲ’ ಎಂದು ನಿಯಮ ಬರೆದವರು, ಇವರೆಲ್ಲ ಆರಾಮವಾಗಿರುವಾಗ ಹೆಣದ ಮೇಲೆ ಅಜಾಗರೂಕತೆಯ ಹಣೆಪಟ್ಟಿ ಅಂಟಿಸುವುದನ್ನು ನಾವು ನಿಲ್ಲಿಸಬೇಕು.

ಮೊದಲು ಸ್ವಿಚ್ಚಿನ ವಿಷಯ ನೋಡೋಣ. ಹೋಲ್ಡರ್‌ಗೆ ಎರಡು ವೈರ್ ಬರುತ್ತವೆ. ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಫೇಸ್‌ನಲ್ಲಿ ಭೂಮಿಗೆ ಹೋಲಿಸಿದರೆ 230 ವೋಲ್ಟ್ ಇರುತ್ತದೆ. ನ್ಯೂಟ್ರಲ್ಲನ್ನು ಟ್ರಾನ್ಸ್‌ಫಾರ್ಮರ್ ಬಳಿಯೇ ಭೂಮಿಗೆ ಜೋಡಿಸಿರುವುದರಿಂದ ಎಲ್ಲ ಸರಿಯಿದ್ದಾಗ ಅದರಲ್ಲಿ ಅಪಾಯದ ವೋಲ್ಟೇಜ್ ಇರುವುದಿಲ್ಲ. ಸ್ವಿಚ್ ಈ ಎರಡರಲ್ಲಿ ಯಾವುದನ್ನು ಕಡಿದರೂ ಬಲ್ಬ್ ಆರುತ್ತದೆ. ಗೊಂದಲವೆಲ್ಲ ಇಲ್ಲೇ ಇರುವುದು. ಸ್ವಿಚ್ ಫೇಸ್‌ನಲ್ಲಿದ್ದರೆ ಆಫ್ ಮಾಡಿದಾಗ ಹೋಲ್ಡರ್ ಸತ್ತಿರುತ್ತದೆ. ನ್ಯೂಟ್ರಲ್‌ನಲ್ಲಿದ್ದರೆ ಬಲ್ಬ್ ಆರಿರುತ್ತದೆ, ಹೋಲ್ಡರ್ ಜೀವಂತವಾಗಿರುತ್ತದೆ. ತೂಬು ಹಾಕುವ ಬದಲು ಗದ್ದೆಯ ಕೊನೆಯ ಬದು ಕಟ್ಟಿದರೆ ಹರಿವು ನಿಲ್ಲುತ್ತದೆ, ಆದರೆ ಗದ್ದೆಯ ತುಂಬ ನೀರು ನಿಂತೇ ಇರುತ್ತದಲ್ಲ, ಹಾಗೆ. ಕೆಳಗಿನಿಂದ ನೋಡುವವನಿಗೆ ಎರಡೂ ಒಂದೇ: ಸ್ವಿಚ್ ಆಫ್ ಆಗಿದೆ, ಬಲ್ಬ್ ಆರಿದೆ. ವ್ಯತ್ಯಾಸ ಗೊತ್ತಾಗುವುದು ಬೆರಳಿಗೆ.

ನಮ್ಮ ಕಡೆ ಪಾಯಿಂಟ್ ಲೆಕ್ಕದಲ್ಲಿ ವೈರಿಂಗ್ ಮಾಡುವ ಹುಡುಗನೊಬ್ಬನನ್ನು ಕೇಳಿದೆ, ‘ಈ ಸ್ವಿಚ್ಚಿಗೆ ನ್ಯೂಟ್ರಲ್ ಯಾಕಪ್ಪ ಕೊಟ್ಟಿದ್ದೀಯ?’

‘ಆನ್ ಮಾಡುದ್ರೆ ಉರೀತದೆ, ಆಫ್ ಮಾಡುದ್ರೆ ಆರ್ತದೆ. ಇನ್ನೇನಣ್ಣ ಬೇಕು?’

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಐಟಿಐ ಮೆಟ್ಟಿಲು ಹತ್ತಿಲ್ಲ. ಇನ್ನೊಬ್ಬನ ಹಿಂದೆ ಏಣಿ ಹಿಡಿದುಕೊಂಡು ಓಡಾಡಿ ಕೆಲಸ ಕಲಿತವನು. ಮನೆ ಯಜಮಾನ ತಂದುಕೊಟ್ಟ ಒಂದೇ ಬಣ್ಣದ ವೈರ್ ರೋಲಿನಲ್ಲಿ ಇಡೀ ಮನೆ ಮುಗಿಸಬೇಕು, ಸಂಜೆಯೊಳಗೆ ಬಲ್ಬ್ ಉರಿಸಿ ತೋರಿಸಬೇಕು, ಆಮೇಲೆ ದುಡ್ಡು. ಬಲ್ಬ್ ಉರಿಯುವುದೇ ಅವನ ಪರೀಕ್ಷೆ, ಅದರಲ್ಲಿ ಅವನು ಪಾಸಾಗಿದ್ದಾನೆ. ಸ್ವಿಚ್ ಯಾವ ವೈರಿನಲ್ಲಿದೆ ಎಂದು ನೋಡಬೇಕಾದವನು ಬೇರೆಯವನಿದ್ದ. ಸಂಪರ್ಕ ಕೊಡುವ ಮುಂಚೆ ವೈರಿಂಗ್ ಮುಗಿದಿದೆ, ಪರೀಕ್ಷೆಯಾಗಿದೆ ಎಂದು ಲೈಸೆನ್ಸ್ ಇರುವ ಗುತ್ತಿಗೆದಾರ ಸಹಿ ಹಾಕಿದ ವರದಿ ಬೇಕು. ಆ ಸಹಿ ಹಾಕಿದ ಕೈ ಎಷ್ಟು ಮನೆಗಳ ಹೊಸ್ತಿಲು ದಾಟಿದೆ ಎಂಬುದನ್ನು ನಿಮ್ಮ ಊರಲ್ಲೇ ಹತ್ತು ಮನೆಯವರನ್ನು ಕೇಳಿ ನೋಡಿ.

ಇದಕ್ಕೆ ನಿಯಮವಿಲ್ಲ ಎಂದುಕೊಳ್ಳಬೇಡಿ. ಭೂಮಿಗೆ ಜೋಡಿಸಿದ ನ್ಯೂಟ್ರಲ್ ತಂತಿಯಲ್ಲಿ ಒಂಟಿ ಸ್ವಿಚ್ ಆಗಲಿ, ಫ್ಯೂಸ್ ಆಗಲಿ ಹಾಕಬಾರದು, ಹಾಕಿದರೆ ಫೇಸನ್ನೂ ಜೊತೆಯಲ್ಲೇ ಕಡಿಯುವ ಜೋಡಿ ಸ್ವಿಚ್ ಆಗಿರಬೇಕು ಎಂಬುದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇತ್ತು. ಕರ್ನಾಟಕ ಏಕೀಕರಣವಾದ ವರ್ಷದ ನಿಯಮ ಅದು. ನಮ್ಮ ಊರಿಗೆ ಕರೆಂಟ್ ಬರುವುದಕ್ಕಿಂತ ಮುಂಚೆ ನಿಯಮ ಬಂದಿತ್ತು, ಕರೆಂಟ್ ಬಂದಾಗ ಅದು ಜೊತೆಗೆ ಬರಲಿಲ್ಲ.

ಇನ್ನು ಇದಕ್ಕಿಂತ ಕೆಟ್ಟದ್ದೊಂದಿದೆ. ನಿಮ್ಮ ಮನೆಯ ವೈರಿಂಗ್ ಅಪ್ಪಟ ಸರಿ ಇದೆ ಎಂದೇ ಇಟ್ಟುಕೊಳ್ಳಿ. ಗಾಳಿಮಳೆಗೆ ತೆಂಗಿನ ಗರಿ ಬಿದ್ದು ಕಂಬದಿಂದ ಬರುವ ಸರ್ವಿಸ್ ವೈರ್ ಕಿತ್ತುಹೋಗುತ್ತದೆ. ಲೈನ್‌ಮ್ಯಾನ್ ಬರುತ್ತಾನೆ, ಕತ್ತಲಾಗುತ್ತಿರುತ್ತದೆ, ಇನ್ನೂ ನಾಲ್ಕು ಕಡೆಯಿಂದ ಫೋನ್ ಬರುತ್ತಿರುತ್ತದೆ. ಕಂಬ ಹತ್ತಿ ಎರಡು ತಂತಿ ಕಟ್ಟಿ ಇಳಿಯುತ್ತಾನೆ. ಎರಡು ತಂತಿ ಅದಲುಬದಲಾದರೂ ಮನೆಯಲ್ಲಿ ದೀಪ ಉರಿಯುತ್ತದೆ, ಟಿವಿ ಓಡುತ್ತದೆ, ಮಿಕ್ಸಿ ತಿರುಗುತ್ತದೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆದರೆ ಆ ಕ್ಷಣದಿಂದ ಮನೆಯ ಪ್ರತಿಯೊಂದು ಸ್ವಿಚ್ಚೂ ನ್ಯೂಟ್ರಲ್‌ನಲ್ಲಿದೆ. ಒಂದೇ ಪೋಲಿನ ಎಂಸಿಬಿಯನ್ನೇ ಮೈನ್ ಎಂದು ಹಾಕಿಕೊಂಡಿದ್ದರೆ ಅದೂ ನ್ಯೂಟ್ರಲ್‌ನಲ್ಲಿದೆ. ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರೂ ಅಷ್ಟೇ. ನಿನ್ನೆಯವರೆಗೆ ಸುರಕ್ಷಿತವಾಗಿದ್ದ ಮನೆ ಇವತ್ತು ಅಲ್ಲ, ಮನೆಯವರು ಒಂದು ಸ್ಕ್ರೂ ಕೂಡ ಮುಟ್ಟಿಲ್ಲ. ಹಳೆಯ ಕಾಲದ ಕಬ್ಬಿಣದ ಪೆಟ್ಟಿಗೆಯ ಎರಡು ಪೋಲಿನ ಮೈನ್ ಸ್ವಿಚ್, ಆ ಕಡೆ ಈ ಕಡೆ ‘ಟಪ್’ ಎಂದು ಎಳೆಯುತ್ತಿದ್ದೆವಲ್ಲ, ಅದು ಎರಡೂ ತಂತಿ ಕಡಿಯುತ್ತಿತ್ತು. ಅದನ್ನು ತೆಗೆದು ಚಂದ ಕಾಣುವ ಸಣ್ಣ ಎಂಸಿಬಿ ಕೂರಿಸಿದ ಎಷ್ಟೋ ಮನೆಗಳು ತಿಳಿಯದೇ ಒಂದು ರಕ್ಷಣೆ ಕಳೆದುಕೊಂಡಿವೆ.

ನ್ಯೂಟ್ರಲ್ ಕಿತ್ತುಹೋದಾಗಿನ ಕಥೆ ಇನ್ನೊಂದು. ಫೇಸ್ ಬರುತ್ತಿದೆ, ವಾಪಸ್ ಹೋಗುವ ದಾರಿ ಇಲ್ಲ. ಮನೆಯಲ್ಲಿ ಏನೂ ಉರಿಯುವುದಿಲ್ಲ. ‘ಕರೆಂಟ್ ಹೋಗಿದೆ, ಈಗಲೇ ಆ ಹೋಲ್ಡರ್ ಬದಲಾಯಿಸಿಬಿಡೋಣ’ ಎಂದು ಸ್ಟೂಲ್ ಹತ್ತುತ್ತಾನೆ ಮನುಷ್ಯ. ಇನ್ನೂ ಕೆಲವು ಕಡೆ ನ್ಯೂಟ್ರಲ್ ಸರಿಯಿಲ್ಲವೆಂದು ಹಿತ್ತಿಲಲ್ಲಿ ಒಂದು ಕಬ್ಬಿಣದ ರಾಡ್ ಹೊಡೆದು, ಭೂಮಿಯನ್ನೇ ನ್ಯೂಟ್ರಲ್ ಮಾಡಿಕೊಂಡು ದೀಪ ಉರಿಸುತ್ತಾರೆ. ಆ ರಾಡಿನ ತಂತಿ ಸಡಿಲವಾದರೆ ಬಲ್ಬಿನ ಮೂಲಕ ಬಂದ ಫೇಸ್ ಆ ತಂತಿಯಲ್ಲೇ ಕಾದು ಕೂತಿರುತ್ತದೆ. ಕೋಳಿ ಕೆದಕಿದ ಜಾಗದಲ್ಲಿ, ಮಗು ಆಡುವ ಜಾಗದಲ್ಲಿ.

ಎಷ್ಟು ಕರೆಂಟ್ ಬೇಕು ಸಾಯುವುದಕ್ಕೆ? ಸರ್ಕಾರ ಕೊಟ್ಟ 9 ವ್ಯಾಟ್ ಎಲ್‌ಇಡಿ ಬಲ್ಬ್ ಇದೆಯಲ್ಲ, ಅದು 230 ವೋಲ್ಟಿನಲ್ಲಿ ಎಳೆದುಕೊಳ್ಳುವುದು ಸುಮಾರು 40 ಮಿಲಿ ಆಂಪಿಯರ್. ಅಷ್ಟು ಕರೆಂಟ್ ಕೆಲವು ಕ್ಷಣ ಎದೆಯ ಮೂಲಕ ಹಾದರೆ ಹೃದಯದ ಬಡಿತ ಹಳಿ ತಪ್ಪಲು ಸಾಕು. ಅದಕ್ಕೂ ಮುಂಚೆ, ಸುಮಾರು 10 ಮಿಲಿ ಆಂಪಿಯರ್‌ಗೇ ಕೈಯ ಸ್ನಾಯುಗಳು ಹಿಡಿದುಕೊಳ್ಳುತ್ತವೆ, ಬಿಡಬೇಕೆಂದರೂ ಬಿಡಲಾಗುವುದಿಲ್ಲ. ‘ಕರೆಂಟ್ ಹಿಡ್ಕೊಂಡ್‌ಬಿಡ್ತು’ ಎನ್ನುತ್ತೇವಲ್ಲ, ಹಿಡಿದಿರುವುದು ಕರೆಂಟಲ್ಲ, ನಮ್ಮದೇ ಕೈ. ಒದ್ದೆಯಾದ ಮೈಯ ತಡೆ ಸುಮಾರು ಸಾವಿರ ಓಮ್ ಎಂದುಕೊಂಡರೆ 230 ವೋಲ್ಟಿಗೆ 230 ಮಿಲಿ ಆಂಪಿಯರ್ ಹರಿಯುತ್ತದೆ. ಬರಿಗಾಲು, ಸಾರಿಸಿದ ಮಣ್ಣಿನ ನೆಲ, ಕಬ್ಬಿಣದ ಮಂಚ, ಮಳೆಗಾಲದ ಒದ್ದೆ ಗೋಡೆ: ಹಳ್ಳಿ ಮನೆಯ ಪ್ರತಿಯೊಂದು ಸಂಗತಿಯೂ ಆ ತಡೆಯನ್ನು ಇಳಿಸುವಂಥದ್ದೇ. ಟೈಲ್ಸ್ ಹಾಕಿದ ನೆಲದ ಮೇಲೆ ಚಪ್ಪಲಿ ಹಾಕಿಕೊಂಡು ನಿಂತವನಿಗೆ ‘ಜುಂ’ ಎಂದು ಹೊಡೆದು ಬಿಡುವ ಶಾಕ್, ಇಲ್ಲಿ ಜೀವ ತೆಗೆಯುತ್ತದೆ.

‘ಎಂಸಿಬಿ ಇದೆಯಲ್ಲ, ಬೀಳುತ್ತದೆ ಬಿಡಿ’ ಎನ್ನುವವರಿದ್ದಾರೆ. ಬೀಳುವುದಿಲ್ಲ. 6 ಆಂಪಿಯರಿನ ಎಂಸಿಬಿ ಎಂದರೆ ಆರು ಸಾವಿರ ಮಿಲಿ ಆಂಪಿಯರ್ ತನಕ ಅದಕ್ಕೆ ಯಾವ ತಕರಾರೂ ಇಲ್ಲ. ಮನುಷ್ಯ ಸಾಯುವಾಗ ಹರಿಯುವ ಕರೆಂಟ್ ಅದರ ಕಣ್ಣಿಗೆ ಒಂದು ಸಣ್ಣ ಬಲ್ಬ್ ಹೊತ್ತಿಸಿದಷ್ಟೇ. ಫ್ಯೂಸೂ ಹಾಗೆಯೇ, ಅದರಲ್ಲೂ ಪದೇ ಪದೇ ಹೋಗುತ್ತದೆಂದು ದಪ್ಪ ತಾಮ್ರದ ಎಳೆ ಸುತ್ತಿದ ಫ್ಯೂಸಿನ ಬಗ್ಗೆ ಹೇಳುವುದೇ ಬೇಡ. ಇವೆರಡೂ ಇರುವುದು ವೈರ್ ಸುಡದಂತೆ ಕಾಯಲು, ಮನುಷ್ಯನನ್ನು ಕಾಯಲು ಅಲ್ಲ.

ಮನುಷ್ಯನನ್ನು ಕಾಯುವ ಸಾಧನ ಬೇರೆ ಇದೆ. ಹಿಂದೆ ಇಎಲ್‌ಸಿಬಿ ಎನ್ನುತ್ತಿದ್ದರು, ಈಗ ಆರ್‌ಸಿಸಿಬಿ. ಅದರ ಕೆಲಸ ಸರಳ: ಫೇಸ್‌ನಲ್ಲಿ ಹೋದಷ್ಟು ಕರೆಂಟ್ ನ್ಯೂಟ್ರಲ್‌ನಲ್ಲಿ ವಾಪಸ್ ಬಂತೇ ಎಂದು ಲೆಕ್ಕ ನೋಡುತ್ತಲೇ ಇರುತ್ತದೆ. ಕಡಿಮೆ ಬಂದರೆ ಎಲ್ಲೋ ಸೋರಿದೆ, ಬಹುಶಃ ಯಾರದೋ ಮೈಮೂಲಕ ಭೂಮಿಗೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವಷ್ಟರಲ್ಲಿ ಸೆಕೆಂಡಿನ ಒಂದು ಭಾಗದಲ್ಲೇ ಎರಡೂ ತಂತಿ ಕಡಿದುಬಿಡುತ್ತದೆ. ಮನೆಯಲ್ಲಿ ಅರ್ಥಿಂಗ್ ಸರಿಯಿಲ್ಲದಿದ್ದರೂ, ಫೇಸ್ ಮುಟ್ಟಿ ನೆಲದ ಮೇಲೆ ನಿಂತವನ ಮಟ್ಟಿಗೆ ಅದು ಕೆಲಸ ಮಾಡುತ್ತದೆ. ಸ್ವಿಚ್ ತಪ್ಪಿದ್ದರೂ, ಕಂಬದಲ್ಲಿ ತಂತಿ ಅದಲುಬದಲಾಗಿದ್ದರೂ ಮಾಡುತ್ತದೆ. ಶಾಕ್ ಹೊಡೆಯುತ್ತದೆ, ಆದರೆ ಬಿಡುತ್ತದೆ. ಪವಾಡವೇನಲ್ಲ: ಒಣ ಮರದ ಮೇಲೆ ನಿಂತು ಒಂದು ಕೈಯಲ್ಲಿ ಫೇಸ್, ಇನ್ನೊಂದು ಕೈಯಲ್ಲಿ ನ್ಯೂಟ್ರಲ್ ಹಿಡಿದವನನ್ನು ಅದೂ ಕಾಪಾಡದು, ಯಾಕೆಂದರೆ ಅದರ ಲೆಕ್ಕದಲ್ಲಿ ಅವನೂ ಒಂದು ಬಲ್ಬ್. ಆದರೆ ಮನೆಯೊಳಗಿನ ಶಾಕ್ ಬಹಳಷ್ಟು ಸಲ ಭೂಮಿಯ ಮೂಲಕವೇ ಹರಿಯುವಂಥದ್ದು.

ಈಗ ಕಾನೂನಿನ ಕಡೆ ಬರೋಣ. ನನ್ನ ನಿಜವಾದ ಸಿಟ್ಟು ಇರುವುದು ಅಲ್ಲಿ.

ಮನೆಯ ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಗುತ್ತಿಗೆದಾರನೇ ಮಾಡಿಸಬೇಕು ಎನ್ನುತ್ತದೆ ನಿಯಮ. ಆದರೆ ಒಂದು ವಿನಾಯಿತಿ ಕೊಡುತ್ತದೆ: ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್, ಫಿಟ್ಟಿಂಗ್‌ಗಳನ್ನು, ಸಾಮರ್ಥ್ಯ ಬದಲಾಗದಂತೆ, ಇದ್ದದ್ದನ್ನು ತೆಗೆದು ಅಂಥದ್ದೇ ಹಾಕುವುದಕ್ಕೆ ಗುತ್ತಿಗೆದಾರ ಬೇಕಿಲ್ಲ. ಸರಿಯಾದ ಮಾತೇ. ಒಂದು ಹೋಲ್ಡರ್ ಬದಲಾಯಿಸಲು ತಾಲ್ಲೂಕು ಕೇಂದ್ರದಿಂದ ಎಲೆಕ್ಟ್ರಿಷಿಯನ್ ಕರೆಸಲು ಯಾರಿಂದಾಗುತ್ತದೆ? ಅಂದರೆ ಮನೆಯವನೇ ಸ್ಟೂಲ್ ಹತ್ತುತ್ತಾನೆ, ಹೋಲ್ಡರಿಗೆ ಕೈ ಹಾಕುತ್ತಾನೆ ಎಂಬುದು ನಿಯಮ ಬರೆದವರಿಗೆ ಗೊತ್ತಿದೆ, ಒಪ್ಪಿಗೆಯೂ ಇದೆ. ಹಾಗಾದರೆ ಅವನ ಕೈ ತಪ್ಪಿದಾಗ ಕಾಯುವ ಸಾಧನ ಅವನ ಮನೆಯಲ್ಲಿ ಇರಬೇಕಲ್ಲವೇ?

ಅಲ್ಲಿ ಇನ್ನೊಂದು ವಿನಾಯಿತಿ ಇದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಭೂಸೋರಿಕೆ ತಡೆಯುವ ಸಾಧನವನ್ನು ಕಡ್ಡಾಯ ಮಾಡುತ್ತವೆ, ಮನೆಗಳಿಗೆ ಅದು 30 ಮಿಲಿ ಆಂಪಿಯರ್ ಮೀರಬಾರದು ಎಂದೂ ಹೇಳುತ್ತವೆ. ಆದರೆ ಸಣ್ಣ ಸಂಪರ್ಕಗಳನ್ನು ಹೊರಗಿಡುತ್ತವೆ. 2010ರ ನಿಯಮಗಳಲ್ಲಿ 5 ಕಿಲೋವ್ಯಾಟ್‌ಗಿಂತ ಕಡಿಮೆ ಇರುವ ಮನೆಗಳಿಗೆ ವಿನಾಯಿತಿ ಇತ್ತು. ಆಮೇಲೆ ಅದು 2 ಕಿಲೋವ್ಯಾಟ್‌ಗೆ ಇಳಿದಿದೆ, 2023ರ ನಿಯಮಗಳಲ್ಲೂ ಹಾಗೇ ಇದೆ. ಎರಡು ಕಿಲೋವ್ಯಾಟ್‌ಗಿಂತ ಕೆಳಗೆ ಯಾರಿದ್ದಾರೆ? ಎರಡು ಬಲ್ಬ್, ಒಂದು ಫ್ಯಾನ್, ಒಂದು ಟಿವಿಯ ಮನೆ. ಹಟ್ಟಿ, ಕೇರಿ, ಕಾಲೊನಿ, ತಾಂಡಾಗಳ ಮನೆ. ಎಸಿ ಹಾಕಿಸಿಕೊಂಡವನ ಮನೆಗೆ ರಕ್ಷಣೆ ಕಡ್ಡಾಯ, ಟೈಲ್ಸ್ ಮೇಲೆ ಚಪ್ಪಲಿ ಹಾಕಿ ಓಡಾಡುವವನಿಗೆ ಕಡ್ಡಾಯ. ಮಣ್ಣಿನ ನೆಲದ ಮೇಲೆ ಬರಿಗಾಲಲ್ಲಿ ನಿಂತವನಿಗೆ ಐಚ್ಛಿಕ. ಎರಡು ಕಿಲೋವ್ಯಾಟ್‌ಗಿಂತ ಕೆಳಗಿನವರ ಹೃದಯ 30 ಮಿಲಿ ಆಂಪಿಯರ್‌ಗೆ ಜಗ್ಗುವುದಿಲ್ಲ ಎಂದು ಯಾವ ವೈದ್ಯರು ಹೇಳಿದರು?

ಬಳಕೆದಾರನ ಜಾಗದಲ್ಲಿ, ಸಂಪರ್ಕ ಶುರುವಾಗುವ ಕಡೆ ಅರ್ಥಿಂಗಿನ ಟರ್ಮಿನಲ್ ಒದಗಿಸಿ ಕಾಪಾಡಿಕೊಂಡು ಬರುವುದು ವಿದ್ಯುತ್ ಪೂರೈಸುವವರ ಹೊಣೆ ಎಂಬುದೂ ಇದೇ ನಿಯಮಗಳಲ್ಲಿದೆ. ನಿಮ್ಮ ಮನೆಯ ಮೀಟರ್ ಬೋರ್ಡ್ ಹತ್ತಿರ ಹೋಗಿ ಅದನ್ನು ಹುಡುಕಿ. ಸಿಕ್ಕಿದರೆ ನನಗೂ ಒಂದು ಫೋಟೊ ಕಳಿಸಿ.

ಭಾಗ್ಯಜ್ಯೋತಿ, ಕುಟೀರಜ್ಯೋತಿಗಳಲ್ಲಿ ಬಡವರ ಮನೆಗೆ ಒಂದು ಬಲ್ಬಿನ ಸಂಪರ್ಕ ಬಂತು. 2017ರಲ್ಲಿ ಸೌಭಾಗ್ಯ ಯೋಜನೆ ಬಂತು: ಸರ್ವಿಸ್ ವೈರ್, ಮೀಟರ್, ಒಂದು ಪಾಯಿಂಟಿನ ವೈರಿಂಗ್, ಒಂದು ಎಲ್‌ಇಡಿ ಬಲ್ಬ್. 2023ರಲ್ಲಿ ಗೃಹಜ್ಯೋತಿ ಬಂತು, ತಿಂಗಳಿಗೆ 200 ಯೂನಿಟ್ ತನಕ ಉಚಿತ. ಈ ಯೋಜನೆಗಳನ್ನು ಹಳಿಯುವ ಪೇಟೆಯ ಮಹಾಶಯರ ಗುಂಪಿಗೆ ನಾನು ಸೇರಿಲ್ಲ. ಸೀಮೆಎಣ್ಣೆ ಬುಡ್ಡಿಯ ಹೊಗೆಯಲ್ಲಿ ಓದಿದವರ ಮಕ್ಕಳು ನಾವು. ಕರೆಂಟ್ ಬಂದದ್ದು ಒಳ್ಳೆಯದೇ, ಬಿಲ್ ಇಲ್ಲದಿರುವುದು ಇನ್ನೂ ಒಳ್ಳೆಯದು. ಆದರೆ ಪಟ್ಟಿಯನ್ನು ಇನ್ನೊಮ್ಮೆ ಓದಿ. ವೈರ್ ಇದೆ, ಮೀಟರ್ ಇದೆ, ಬಲ್ಬ್ ಇದೆ, ಯೂನಿಟ್ ಇದೆ. ಆರ್‌ಸಿಸಿಬಿ ಇಲ್ಲ. ಒಂದು ಪಾಯಿಂಟ್ ಕೊಟ್ಟು ಹೋದವರಿಗೆ ಆ ಮನೆಯಲ್ಲಿ ಮದುವೆಯಾಗುತ್ತದೆ, ಇನ್ನೊಂದು ಕೋಣೆ ಕಟ್ಟುತ್ತಾರೆ, ಆ ಒಂದು ಪಾಯಿಂಟಿನಿಂದಲೇ ಜೋಡಿ ವೈರ್ ಎಳೆದು ಟೇಪ್ ಸುತ್ತಿ ಅಡುಗೆಮನೆಗೆ, ಬಚ್ಚಲಿಗೆ, ಕೊಟ್ಟಿಗೆಗೆ ದೀಪ ಮಾಡಿಕೊಳ್ಳುತ್ತಾರೆ ಎಂದು ಗೊತ್ತಿರಲಿಲ್ಲವೇ?

ಎಲ್‌ಇಡಿ ಬಲ್ಬಿನ ಯೋಜನೆಯೇ ನನ್ನ ವಾದಕ್ಕೆ ಒಳ್ಳೆಯ ಸಾಕ್ಷಿ. 2015ರಲ್ಲಿ ಶುರುವಾದ ಉಜಾಲಾದಲ್ಲಿ ದೇಶದಾದ್ಯಂತ 36 ಕೋಟಿಗೂ ಹೆಚ್ಚು ಬಲ್ಬ್ ಹಂಚಿದರು. ನಮ್ಮಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಬಂತು. 36 ಕೋಟಿ ಬಲ್ಬ್ ಎಂದರೆ 36 ಕೋಟಿ ಸಲ ಯಾರೋ ಸ್ಟೂಲ್ ಹತ್ತಿ ಹೋಲ್ಡರಿನ ಹತ್ತಿರ ಕೈ ಒಯ್ದರು ಎಂದೂ ಅರ್ಥ. ಎಷ್ಟು ಯೂನಿಟ್ ಉಳಿಯಿತು, ಎಷ್ಟು ಇಂಗಾಲ ಕಡಿಮೆಯಾಯಿತು ಎಂಬ ಲೆಕ್ಕವನ್ನು ಸರ್ಕಾರ ಹೆಮ್ಮೆಯಿಂದ ಹೇಳುತ್ತದೆ. ಆ ಹೋಲ್ಡರ್ ಹೇಗಿತ್ತು ಎಂದು ಯಾರೂ ನೋಡಲಿಲ್ಲ.

ಅದೇ ಯೋಜನೆ ಇನ್ನೊಂದು ಪಾಠವನ್ನೂ ಹೇಳುತ್ತದೆ. 2014ರಲ್ಲಿ ಒಂದು ಎಲ್‌ಇಡಿ ಬಲ್ಬಿನ ಸಗಟು ಖರೀದಿ ಬೆಲೆ 310 ರೂಪಾಯಿ ಇತ್ತು. ಕೋಟಿಗಟ್ಟಲೆ ಒಟ್ಟಿಗೆ ಕೊಳ್ಳತೊಡಗಿದ ಮೇಲೆ ಎರಡು ಮೂರು ವರ್ಷದಲ್ಲಿ ಅದು 38 ರೂಪಾಯಿಗೆ ಇಳಿಯಿತು. ಇವತ್ತು ಅಂಗಡಿಯಲ್ಲಿ ಒಂದು ಒಳ್ಳೆಯ ಎರಡು ಪೋಲಿನ ಆರ್‌ಸಿಸಿಬಿಗೆ ಎರಡು ಸಾವಿರ ರೂಪಾಯಿ ಆಸುಪಾಸು ಕೊಡಬೇಕು. ಕೂಲಿಯವನ ನಾಲ್ಕು ದಿನದ ದುಡಿಮೆ. ಅವನು ಕೊಳ್ಳುವುದಿಲ್ಲ, ಕೊಳ್ಳಬೇಕೆಂದು ನಾನು ಕೇಳುವುದೂ ಇಲ್ಲ. ಆದರೆ ಬಲ್ಬಿಗೆ ಮಾಡಿದ್ದನ್ನು ಸರ್ಕಾರ ಇದಕ್ಕೆ ಮಾಡಿದರೆ ಬೆಲೆ ಇದೇ ಇರುತ್ತದೆಯೇ? ಗೃಹಜ್ಯೋತಿಗೆ ವರ್ಷಕ್ಕೆ ಸಾವಿರಾರು ಕೋಟಿ ಕೊಡುವ ಸರ್ಕಾರಕ್ಕೆ, ಮೀಟರ್ ಪಕ್ಕ ಒಂದೇ ಸಲ ಒಂದು ಪೆಟ್ಟಿಗೆ ಕೂರಿಸುವುದು ಆಗದ ಕೆಲಸವೇ?

‘ಹಾಕಿದರೂ ನಿಲ್ಲುವುದಿಲ್ಲ, ಪದೇ ಪದೇ ಬೀಳುತ್ತದೆ, ಜನರೇ ಕಿತ್ತು ನೇರ ಮಾಡಿಕೊಳ್ಳುತ್ತಾರೆ.’ ಇಲಾಖೆಯವರಿಂದ ಹಿಡಿದು ಅಂಗಡಿಯವನ ತನಕ ಎಲ್ಲರೂ ಹೇಳುವ ಮಾತಿದು. ಮಾತು ಸುಳ್ಳಲ್ಲ. ಆದರೆ ಪದೇ ಪದೇ ಬೀಳುವ ಆರ್‌ಸಿಸಿಬಿ ಕೆಟ್ಟಿದೆ ಎಂದಲ್ಲ, ನಿಮ್ಮ ಮನೆ ಸೋರುತ್ತಿದೆ ಎಂದು ಕೂಗಿ ಹೇಳುತ್ತಿದೆ. ಇಲಿ ಕಚ್ಚಿದ ವೈರ್, ಒದ್ದೆ ಗೋಡೆಯೊಳಗಿನ ಜಾಯಿಂಟ್, ಹಿತ್ತಿಲ ರಾಡಿನ ಕಳ್ಳ ನ್ಯೂಟ್ರಲ್, ಇವು ಇರುವ ತನಕ ಅದು ನಿಲ್ಲಲಾರದು, ನಿಲ್ಲಲೂಬಾರದು. ಸೋರುವ ಮಾಳಿಗೆಯ ಕೆಳಗೆ ಕೂತು ಮಳೆ ಬಂತೆಂದು ಹೇಳಿದವನ ಬಾಯಿ ಮುಚ್ಚಿಸಿದರೆ ಮನೆ ಒಣಗುತ್ತದೆಯೇ? ಹಾಕುವಾಗಲೇ ವೈರಿಂಗ್ ಪರೀಕ್ಷಿಸಿ ಸರಿಮಾಡುವ ಖರ್ಚನ್ನೂ ಯೋಜನೆಯೊಳಗೆ ಸೇರಿಸಬೇಕು ಎಂಬುದು ಇದರಿಂದ ಬರುವ ತೀರ್ಮಾನ. ಹಾಕಲೇಬಾರದು ಎಂಬುದಲ್ಲ.

ಇನ್ನು ಜಾಗೃತಿ. ‘ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ’ ಎಂಬ ಪೋಸ್ಟರ್, ಸುರಕ್ಷತಾ ಸಪ್ತಾಹದ ಜಾಥಾ, ಶಾಲೆ ಮಕ್ಕಳ ಕೈಯಲ್ಲಿ ಬ್ಯಾನರ್. ಬೇಡವೆನ್ನುವುದಿಲ್ಲ. ಆದರೆ ನ್ಯೂಟ್ರಲ್‌ಗೆ ಕೊಟ್ಟ ಸ್ವಿಚ್ಚಿನ ಮನೆಯಲ್ಲಿ ಒಣ ಕೈಯವನೂ ಸಾಯಬಲ್ಲ. ಎಲ್ಲ ಜಾಗೃತಿಯೂ ಬಳಕೆದಾರನಿಗೇ ಬರಬೇಕು, ಗುತ್ತಿಗೆದಾರನಿಗೆ, ಸೆಕ್ಷನ್ ಆಫೀಸರಿಗೆ, ಪ್ರಾಧಿಕಾರಕ್ಕೆ ಬರಬೇಕಿಲ್ಲ ಎಂಬ ಈ ಪದ್ಧತಿ ನನಗೆ ಒಗ್ಗುವುದಿಲ್ಲ.

ಅದೆಲ್ಲ ಆಗುವ ತನಕ ಹೋಲ್ಡರ್ ಬದಲಾಯಿಸಲೇಬೇಕಲ್ಲ, ಹೇಗೆ? ಸ್ವಿಚ್ಚನ್ನು ನಂಬಬೇಡಿ. ಮೈನ್ ಆಫ್ ಮಾಡಿ, ಮನೆಯವರಿಗೆಲ್ಲ ಹೇಳಿ, ಆಗುವುದಾದರೆ ಅಲ್ಲಿ ಒಬ್ಬರನ್ನು ನಿಲ್ಲಿಸಿ. ಎಷ್ಟೋ ಸಲ ಮೇಲೆ ಕೆಲಸ ನಡೆಯುತ್ತಿರುವಾಗ ಕೆಳಗೆ ಯಾರೋ ‘ಇದ್ಯಾಕೆ ಆಫ್ ಆಗದೆ?’ ಎಂದು ಆನ್ ಮಾಡಿಬಿಡುತ್ತಾರೆ. ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಬೇಕು, ಮೈನ್ ತೆಗೆದರೂ ಬ್ಯಾಟರಿಯಿಂದ ಬರುವ 230 ವೋಲ್ಟ್ ಹೋಲ್ಡರಿನಲ್ಲೇ ಇರುತ್ತದೆ. ಆಮೇಲೆ ಟೆಸ್ಟರ್. ಇಪ್ಪತ್ತು ಮೂವತ್ತು ರೂಪಾಯಿಯ ಆ ಟೆಸ್ಟರ್ ಉರಿದರೆ ನಂಬಿ, ಉರಿಯದಿದ್ದರೆ ತಕ್ಷಣ ನಂಬಬೇಡಿ. ಒಣ ಮರದ ಸ್ಟೂಲ್ ಮೇಲೆ ನಿಂತಾಗ ಅದು ಮಂಕಾಗಿ ಉರಿಯಬಹುದು, ಹಗಲು ಬೆಳಕಿಗೆ ಕಾಣದಿರಬಹುದು, ಒಳಗಿನ ಬಲ್ಬೇ ಹೋಗಿರಬಹುದು. ಮೈನ್ ತೆಗೆಯುವ ಮುಂಚೆ ಅದೇ ಹೋಲ್ಡರಿನಲ್ಲೋ ಪಕ್ಕದ ಸಾಕೆಟ್ಟಿನಲ್ಲೋ ಉರಿಯುವುದನ್ನು ನೋಡಿ, ತೆಗೆದ ಮೇಲೆ ಹೋಲ್ಡರಿನ ಎರಡೂ ಕಡೆ ಇಟ್ಟು ನೋಡಿ, ಕರೆಂಟ್ ಇರುವ ಇನ್ನೊಂದು ಕಡೆ ಟೆಸ್ಟರ್ ಈಗಲೂ ಬದುಕಿದೆಯೇ ಎಂದು ಮತ್ತೆ ನೋಡಿ. ಮೈನ್ ತೆಗೆದ ಮೇಲೂ ಹೋಲ್ಡರಿನಲ್ಲಿ ಉರಿದರೆ ಕೆಳಗಿಳಿಯಿರಿ, ಅದು ನಿಮ್ಮ ಕೈಯ ಕೆಲಸವಲ್ಲ, 1912ಕ್ಕೆ ಫೋನ್ ಮಾಡಿ. ತಿರುಗಿಸಿ ಹಾಕುವ ಬಲ್ಬಿನ ಹೋಲ್ಡರ್ ಆದರೆ ಫೇಸ್ ಒಳಗಿನ ನಡುಬಿಂದುವಿಗೆ ಹೋಗಬೇಕು, ಸುತ್ತಿನ ಲೋಹದ ಮರೆಗೆ ಅಲ್ಲ. ಟ್ಯೂಬ್‌ಲೈಟಿನ ಹಳೆಯ ತಗಡಿನ ಪಟ್ಟಿಯನ್ನೇ ಉಳಿಸಿಕೊಳ್ಳುವುದಾದರೆ ಅದಕ್ಕೆ ಹಸಿರು ವೈರಿನ ಅರ್ಥಿಂಗ್ ಬೇಕೇ ಬೇಕು, ಇಲ್ಲವಾದರೆ ಪ್ಲಾಸ್ಟಿಕ್ ಮೈಯ ಎಲ್‌ಇಡಿ ಪಟ್ಟಿಯೇ ವಾಸಿ.

ನಿಮ್ಮ ಮನೆಯ ಸ್ವಿಚ್ ನ್ಯೂಟ್ರಲ್‌ನಲ್ಲಿದೆಯೋ ಎಂಬ ಅನುಮಾನಕ್ಕೆ ಒಂದು ಸುಳಿವು: ರಾತ್ರಿ ಸ್ವಿಚ್ ಆಫ್ ಮಾಡಿದ ಮೇಲೂ ಎಲ್‌ಇಡಿ ಬಲ್ಬ್ ಮಿಣುಕು ಮಿಣುಕಾಗಿ ಹೊಳೆಯುತ್ತಿದೆಯೇ? ಸ್ವಿಚ್ಚಿನಲ್ಲಿ ಸಣ್ಣ ಇಂಡಿಕೇಟರ್ ದೀಪವಿದ್ದರೆ ಅಥವಾ ಉದ್ದದ ವೈರ್‌ಗಳು ಅಕ್ಕಪಕ್ಕ ಓಡಿದ್ದರೆ ಬೇರೆ ಕಾರಣವೂ ಇರಬಹುದು. ಆದರೆ ಅದನ್ನು ‘ಕಂಪನಿ ಬಲ್ಬ್ ಸರಿಯಿಲ್ಲ’ ಎಂದು ಬಿಡಬೇಡಿ, ಬಲ್ಲವರನ್ನು ಕರೆಸಿ ತೋರಿಸಿ.

ಕೊನೆಯದಾಗಿ ನಮ್ಮ ಕಸುಬಿನ ಮಾತು. ದೇಶದಲ್ಲಿ ವರ್ಷಕ್ಕೆ 10 ಸಾವಿರಕ್ಕೂ ಹೆಚ್ಚು ಜನ ವಿದ್ಯುತ್ ಸ್ಪರ್ಶದಿಂದ ಸಾಯುತ್ತಾರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕ ಕೊಡುತ್ತದೆ. ಅದರಲ್ಲಿ ಬಹಳಷ್ಟು ಮಂದಿ ತೋಟದಲ್ಲಿ, ಹರಿದು ಬಿದ್ದ ಲೈನಿಗೆ ಸಿಕ್ಕಿ ಸತ್ತವರು. ಅವರ ಬಗ್ಗೆ ಕಂಪನಿಯನ್ನು ಒಂದು ಪ್ರಶ್ನೆಯಾದರೂ ಕೇಳುತ್ತಾರೆ, ಪರಿಹಾರದ ಮಾತು ಬರುತ್ತದೆ. ಮನೆಯೊಳಗೆ ಸತ್ತವನ ಬಗ್ಗೆ ‘ಮೀಟರಿನಿಂದ ಆಚೆಗೆ ನಮ್ಮದಲ್ಲ’ ಎಂಬ ಉತ್ತರವೂ ಬೇಕಾಗಿಲ್ಲ, ಯಾಕೆಂದರೆ ಕೇಳುವವರೇ ಇಲ್ಲ.

ಕೇಳಲು ದಾರಿ ಇದೆ. ವಿದ್ಯುತ್ ಪೂರೈಕೆ ಅಥವಾ ಬಳಕೆಯಲ್ಲಿ ಅಪಘಾತವಾಗಿ ಜೀವಹಾನಿಯಾದರೆ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು, ಸರ್ಕಾರ ಅವರಿಂದ ತನಿಖೆ ಮಾಡಿಸಬಹುದು ಎಂದು 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಹೇಳುತ್ತದೆ. ‘ಬಳಕೆ’ ಎಂಬ ಪದ ಅಲ್ಲೇ ಇದೆ. ಮುಂದಿನ ಸಲ ಇಂಥ ಸುದ್ದಿ ಬಂದಾಗ ಠಾಣೆಗೆ ಒಂದು ಫೋನ್ ಮಾಡಿ ಮುಗಿಸದೆ ಆ ಮನೆಗೆ ಹೋಗಿ. ಸ್ವಿಚ್ ಆಫ್ ಇತ್ತೇ? ಅದು ಯಾವ ತಂತಿಯಲ್ಲಿತ್ತು? ಅರ್ಥಿಂಗ್ ಟರ್ಮಿನಲ್ ಇದೆಯೇ? ಕಂಬದ ಮೇಲೆ ಕೊನೆಯ ಸಲ ಕೆಲಸ ಆದದ್ದು ಯಾವಾಗ? ವೈರಿಂಗ್ ವರದಿಗೆ ಸಹಿ ಹಾಕಿದವರು ಯಾರು? ಪರಿವೀಕ್ಷಕರಿಗೆ ಸುದ್ದಿ ಮುಟ್ಟಿದೆಯೇ? ಆರು ಪ್ರಶ್ನೆ, ಅದೇ ಒಂದು ಕಾಲಂ ಜಾಗದಲ್ಲಿ ಉತ್ತರ ಹಿಡಿಸುತ್ತದೆ.

ಜೊತೆಗೆ, ಹತ್ತು ರೂಪಾಯಿಯ ಒಂದು ಮಾಹಿತಿ ಹಕ್ಕು ಅರ್ಜಿ. ನಿಮ್ಮ ಜಿಲ್ಲೆಯ ವಿದ್ಯುತ್ ಪರಿವೀಕ್ಷಣಾಲಯಕ್ಕೆ: ಕಳೆದ ಐದು ವರ್ಷದಲ್ಲಿ ಮನೆಯೊಳಗೆ ನಡೆದ ಎಷ್ಟು ವಿದ್ಯುತ್ ಸಾವುಗಳ ಮಾಹಿತಿ ನಿಮಗೆ ಬಂದಿದೆ, ಎಷ್ಟನ್ನು ತನಿಖೆ ಮಾಡಿದ್ದೀರಿ, ಆ ವರದಿಗಳ ಪ್ರತಿ ಕೊಡಿ. ಇದೇ ಅವಧಿಯ ಯುಡಿಆರ್ ಲೆಕ್ಕವನ್ನು ಪೊಲೀಸರಿಂದ ಕೇಳಿ. ಎರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ನಾನು ನಮ್ಮ ಜಿಲ್ಲೆಗೆ ಅರ್ಜಿ ಹಾಕುತ್ತಿದ್ದೇನೆ. ಬೇರೆ ಬೇರೆ ಜಿಲ್ಲೆಗಳಲ್ಲಿರುವ ಗೆಳೆಯರು ತಮ್ಮ ತಮ್ಮ ಕಡೆ ಹಾಕಿ, ಬಂದ ಉತ್ತರಗಳನ್ನು ಇಲ್ಲೇ ಪ್ರಕಟಿಸೋಣ.